ಪದ ಬೇಕಾಗಿದೆ: ಶೀತ್, ಆರ್ಮರ್, ಸ್ಕ್ರೀನ್ ಎಲ್ಲಕ್ಕೂ ‘ಕವಚ’ ಅಂದ್ರೆ ಹೇಗೆ?

ಎಲ್ರಿಗೂ ನಮಸ್ಕಾರ. 11 ಕೆವಿ ಕೇಬಲ್‌ಗೆ ಹಾಕೋ ಕನೆಕ್ಟರ್ ಡಿಸೈನ್ ಮಾಡೋದು ನನ್ನ ಕೆಲಸ, ಈಗ ಕೇಬಲ್ ಜಾಯಿಂಟರ್‌ಗಳು ಮತ್ತೆ ಐಟಿಐ ಹುಡುಗರು ಓದೋ ಥರ ಅದಕ್ಕೊಂದು ಕನ್ನಡ ಕೈಪಿಡಿ ಬರೀತಿದೀನಿ, ಪದಗಳ ಹತ್ರ ಬಂದು ಸಿಕ್ಕಾಕೊಂಡಿದೀನಿ. ಶೀತ್ ಅನ್ನೋದಕ್ಕೂ ಕವಚ, ಆರ್ಮರ್‌ಗೂ ಕವಚ, ಸ್ಕ್ರೀನ್ ಅಥವಾ ಶೀಲ್ಡ್‌ಗೂ ಕವಚ. ಹಾಗೇ ಬರ್ಕೊಂಡು ಹೋದ್ರೆ "ಹೊರಕವಚ ಸುಲಿದು, ಕವಚ ಕತ್ತರಿಸಿ, ಕವಚದ ಅಂಚಿಗೆ ಗಾಯವಾಗದಂತೆ ಒಳಕವಚ ತೆಗೆಯಿರಿ" ಅಂತ ಆಗುತ್ತೆ, ಇದನ್ನ ಓದಿ ಯಾರಾದ್ರೂ ಕೇಬಲ್‌ಗೆ ಚಾಕು ಹಾಕಿದ್ರೆ ದೇವರೇ ಗತಿ.

ಕೇಬಲ್ ನೋಡದೇ ಇರೋರಿಗೆ ಒಂದ್ಸಲ ಹೇಳ್ಬಿಡ್ತೀನಿ. ಬೆಂಗಳೂರಲ್ಲಿ ಫುಟ್‌ಪಾತ್ ಅಡಿ ಹೋಗೋ ಮೂರು ಕೋರಿನ 11 ಕೆವಿ ಎಕ್ಸ್‌ಎಲ್‌ಪಿಇ (ಒಂದು ಥರದ ಪಾಲಿಥೀನ್) ಕೇಬಲ್ ಹೊರಗಿಂದ ಬಿಚ್ತಾ ಹೋದ್ರೆ ಮೊದಲು ಪಿವಿಸಿ ಶೀತ್ ಅಂದ್ರೆ ಹೊದಿಕೆ, ಅದರಡಿ ಜಿಐ (ಸತು ಲೇಪಿಸಿದ ಕಬ್ಬಿಣ) ಪಟ್ಟಿ ಸುತ್ತಿರೋ ಆರ್ಮರ್, ಮತ್ತೆ ಒಳ ಶೀತ್, ಆಮೇಲೆ ಒಂದೊಂದು ಕೋರಿಗೂ ತಾಮ್ರದ ಟೇಪು, ಅದರಡಿ ಸ್ವಲ್ಪ ಕರೆಂಟ್ ಹರಿಯೋ ಕಪ್ಪನೆ ಸೆಮಿಕಾನ್ ಪದರ, ಅದರಡಿ ಹಾಲು ಬಣ್ಣದ ಎಕ್ಸ್‌ಎಲ್‌ಪಿಇ ಇನ್ಸುಲೇಷನ್, ಇನ್ನೊಂದು ತೆಳ್ಳನೆ ಸೆಮಿಕಾನ್, ಕೊನೆಗೆ ಅಲ್ಯೂಮಿನಿಯಂ ವಾಹಕ.

ಇದ್ರಲ್ಲಿ ಕವಚ ಅನ್ನೋ ಹೆಸರಿಗೆ ಹಕ್ಕಿರೋದು ಆರ್ಮರ್‌ಗೆ ಮಾತ್ರ ಅಂತ ನನ್ನ ವಾದ. ಕರ್ಣನ ಕವಚ ಬಾಣ ತಡೀತು, ಇದು ಗುದ್ದಲಿ ಪಿಕಾಸಿ ಏಟು ತಡಿಯುತ್ತೆ, ಅಷ್ಟೇ ವ್ಯತ್ಯಾಸ. ಶೀತ್‌ಗೆ ‘ಒರೆ’ ಇದೆಯಲ್ಲ, ಕತ್ತಿಯ ಒರೆ, ಯಾಕೆ ಬಳಸಬಾರದು? ಶೀತ್ ಅಂತಲೇ ಬರೆದ್ರೆ ಅರ್ಧ ಜನಕ್ಕೆ ನೆಗಡಿ ನೆನಪಾಗುತ್ತೆ.

ನಿಜವಾದ ತಲೆನೋವು ಸ್ಕ್ರೀನ್‌ದು, ಅಂದ್ರೆ ಆ ಸೆಮಿಕಾನ್ ಮತ್ತು ತಾಮ್ರದ ಟೇಪಿಂದು. ಇದು ಏಟು ತಡಿಯೋ ಪದರ ಅಲ್ಲ. ವಾಹಕದ ಮೇಲೆ ನೆಲಕ್ಕೆ ಹೋಲಿಸಿದ್ರೆ 6.35 ಕೆವಿ ಇರುತ್ತೆ, ಹೊರಗಿನ ಸೆಮಿಕಾನ್ ಮತ್ತು ತಾಮ್ರದ ಟೇಪು ಸೊನ್ನೆಯಲ್ಲಿರುತ್ತೆ, ಹಾಗಾಗಿ ವಿದ್ಯುತ್ ಕ್ಷೇತ್ರ ಪೂರ್ತಿ ಮಧ್ಯದ ಇನ್ಸುಲೇಷನ್ ಒಳಗೇ ಸುತ್ತಲೂ ಸಮನಾಗಿ ಹರಡಿಕೊಂಡಿರುತ್ತೆ. ಕನೆಕ್ಟರ್ ಹಾಕ್ಬೇಕು ಅಂದ್ರೆ ಈ ಸೆಮಿಕಾನ್‌ನ ಒಂದಷ್ಟು ಉದ್ದ ಸುಲೀಲೇಬೇಕು, ಸುಲಿದು ನಿಲ್ಸಿದ ಅಂಚಲ್ಲಿ ಕ್ಷೇತ್ರರೇಖೆಗಳೆಲ್ಲ ಬಂದು ಗುಂಪುಗೂಡುತ್ವೆ, ಕೇಬಲ್ ತುದಿಗಳು ಸುಟ್ಟುಹೋಗೋದು ಹೆಚ್ಚಾಗಿ ಅಲ್ಲೇ. ತೆರೆ ಅನ್ನೋಣ ಅಂದ್ರೆ "ತೆರೆ ತೆಗೆಯಿರಿ" ಅಂದಾಗ ನಗು ಬರುತ್ತೆ, ಪರದೆ ಈಗ ಮೊಬೈಲ್‌ಗೆ ಹೋಯ್ತು. ನನಗೆ ಹಿಡಿಸಿರೋದು ‘ಪೊರೆ’. ಹಾವಿನ ಪೊರೆ ಥರ ತೆಳ್ಳಗೆ ಅಂಟಿಕೊಂಡಿದ್ದು ಉದ್ದಕ್ಕೆ ಸುಲಿದು ಬರುತ್ತೆ, 11 ಕೆವಿ ಕೇಬಲ್‌ನಲ್ಲಿ ಸೆಮಿಕಾನ್ ತೆಗೆಯೋದೂ ಹಾಗೇನೇ: ಜಾಯಿಂಟರ್ ಬ್ಲೇಡಲ್ಲಿ ಸುತ್ತ ಒಂದು ಗೀರು, ಉದ್ದಕ್ಕೆ ನಾಕೈದು ಗೀರು ಹಾಕಿ ಪಟ್ಟಿಪಟ್ಟಿಯಾಗಿ ಎಳೀತಾನೆ. ಗೀರು ಪೊರೆಯ ದಪ್ಪ ದಾಟಿ ಬಿಳಿಗೆ ತಾಗಿದ್ರೆ ಆ ಗೀರಿನೊಳಗೆ ಗಾಳಿ ಕೂತ್ಕೊಳ್ಳುತ್ತೆ, ಕೇಬಲ್ ಅಲ್ಲಿಂದಲೇ ಹಾಳಾಗೋಕೆ ಶುರು. ಆಮೇಲೆ ಒರೆಸೋವಾಗಲೂ ಬಿಳಿಯಿಂದ ಕಪ್ಪಿನ ಕಡೆಗೇ ಒರೆಸ್ಬೇಕು, ತಿರುಗಾಮುರುಗಾ ಮಾಡಿದ್ರೆ ಕಾರ್ಬನ್ ಮಸಿ ಬಿಳಿಗೆ ಮೆತ್ಕೊಳ್ಳುತ್ತೆ.

ಸೆಮಿಕಾನ್‌ಗೆ ಪಠ್ಯಪುಸ್ತಕದ ‘ಅರೆವಾಹಕ’ ಬೇಡ ಅನ್ಸುತ್ತೆ. ಅದು ಸಿಲಿಕಾನ್, ಟ್ರಾನ್ಸಿಸ್ಟರ್ ಕಥೆ. ಇದು ಪ್ಲಾಸ್ಟಿಕ್‌ಗೋ ರಬ್ಬರ್‌ಗೋ ಕಾರ್ಬನ್ ಪುಡಿ ಕಲಸಿ ಸ್ವಲ್ಪ ಕರೆಂಟ್ ಹರಿಯೋ ಹಾಗೆ ಮಾಡಿರೋದು. ‘ಕರಿಪೊರೆ’ ಅಂತ ಬರೆದಿದ್ದೆ, ಕೇಳೋಕೂ ಚೆನ್ನಾಗಿತ್ತು, ಆದ್ರೆ ಕನೆಕ್ಟರ್ ಒಳಗಿನ ಇನ್ಸುಲೇಷನ್ ರಬ್ಬರ್ ಕೂಡ ಎಷ್ಟೋ ಸಲ ಕಪ್ಪಗೇ ಇರುತ್ತೆ, ಅಲ್ಲಿ ಕೈ ಕೊಡುತ್ತೆ.

ಕನೆಕ್ಟರ್‌ಗೂ ಅದೇ ಪದ ನಡೀಬೇಕು ಅನ್ನೋದು ನನ್ನ ಹಠ. ಯಾಕಂದ್ರೆ ಇಪಿಡಿಎಂ ರಬ್ಬರಿನ ಎಲ್ಬೋ ಕನೆಕ್ಟರ್ ಅಂದ್ರೆ ಕೇಬಲ್‌ನ ಅದೇ ಮೂರು ಪದರಗಳನ್ನ ಮುಂದುವರಿಸೋದೇ: ವಾಹಕದ ತುದಿಗೆ ಕ್ರಿಂಪ್ ಮಾಡಿದ (ಒತ್ತಿ ಕೂರಿಸಿದ) ಲಗ್ ಸುತ್ತ ಲೈನ್ ವೋಲ್ಟೇಜ್‌ನಲ್ಲೇ ಇರೋ ಒಳಪೊರೆ (ಲಗ್‌ನ ಮೂಲೆ, ತಗ್ಗು, ಗಾಳಿ ಎಲ್ಲ ಇದ್ರೊಳಗೆ ಅಡಗಿಬಿಡುತ್ವೆ, ಅಲ್ಲಿ ಕ್ಷೇತ್ರವೇ ಇರಲ್ಲ), ಮಧ್ಯ ಇನ್ಸುಲೇಷನ್, ಮೇಲೆ ಅರ್ತ್‌ಗೆ ಸೇರಿರೋ ಹೊರಪೊರೆ. ಕೇಬಲ್ ಕಡೆ ಒಂದು ಹೆಸರು, ಕನೆಕ್ಟರ್ ಕಡೆ ಇನ್ನೊಂದು ಅಂತ ಇಟ್ರೆ ಹುಡುಗರಿಗೆ ಈ ಮುಂದುವರಿಕೆ ಕಾಣಲ್ಲ, ಹೊರಪೊರೆಯ ಅರ್ತ್ ವೈರ್ ಕಟ್ಟದೆ ಬಿಡ್ತಾರೆ. ಅಂದಹಾಗೆ ಅದನ್ನ ‘ಅರ್ಥ್’ ಅಂತ ಬರೆದ್ರೆ "ಪೊರೆಯನ್ನು ಅರ್ಥ್ ಮಾಡಿಕೊಳ್ಳಿ" ಅಂತಾಗುತ್ತೆ, ಅದಕ್ಕೇ ಅರ್ತ್ ಅಂತ ಹಾಕಿದೀನಿ.

ಸೆಮಿಕಾನ್ ಅಂಚಲ್ಲಿ ಗುಂಪುಗೂಡೋ ಕ್ಷೇತ್ರರೇಖೆಗಳನ್ನ ಹರಡೋ ಸ್ಟ್ರೆಸ್ ಕೋನ್‌ಗೆ ‘ಒತ್ತಡ ಶಂಕು’ ಖಂಡಿತ ಬೇಡ. ಹೈಟೆನ್ಷನ್‌ಗೆ ಆಗಲೇ ಅಧಿಕ ಒತ್ತಡ ಅಂತೀವಿ, ಕನೆಕ್ಟರ್ ತೂತು ಇನ್ಸುಲೇಷನ್‌ಗಿಂತ ಒಂಚೂರು ಚಿಕ್ಕದಾಗಿರೋದ್ರಿಂದ ರಬ್ಬರ್ ಬಿಗಿಯಾಗಿ ಒತ್ತಿಕೊಳ್ಳುತ್ತಲ್ಲ, ಅದೂ ಒತ್ತಡ, ಮೂರೂ ಒಂದೇ ಪುಟದಲ್ಲಿ ಬಂದ್ರೆ ಮುಗೀತು. ಇಲ್ಲಿರೋದು ರೇಖೆಗಳ ದಟ್ಟಣೆ, ಅದನ್ನ ಬಿಡಿಬಿಡಿಯಾಗಿ ಹರಡೋ ಶಂಕು, ‘ದಟ್ಟಣೆ ಶಂಕು’ ನಡೆಯುತ್ತಾ? ಪಾರ್ಷಿಯಲ್ ಡಿಸ್ಚಾರ್ಜ್‌ಗೆ ‘ಭಾಗಶಃ ವಿಸರ್ಜನೆ’ ಅಂತ ಹೇಳ್ಬೇಡಿ ದಯವಿಟ್ಟು, ಗಣಪತಿಯೂ ಅಲ್ಲ ಇನ್ನೊಂದೂ ಅಲ್ಲ, ಗಾಳಿಗುಳ್ಳೆಯೊಳಗೆ ಹಾರೋ ‘ಕಿರುಕಿಡಿ’ ಅದು.

ಡೆಡ್‌ಬ್ರೇಕ್ ಕನೆಕ್ಟರ್‌ಗೆ ಲೈನ್‌ಮನ್‌ಗಳ ಮಾತಲ್ಲೇ ಉತ್ತರ ಸಿಕ್ತು. 630 ಆಂಪಿಯರ್‌ನ ಸಿ ಟೈಪ್, ಎಂ16 ಬೋಲ್ಟ್ ಹಾಕಿ ಬಿಗಿಯೋದು, ಕರೆಂಟ್ ಇರುವಾಗ ಮುಟ್ಟೋ ಹಾಗಿಲ್ಲ, ‘ಎಲ್‌ಸಿ ತಗೊಂಡು ಬಿಚ್ಚೋ ಕನೆಕ್ಟರ್’ ಅಂದ್ರೆ ಎಲ್ರಿಗೂ ತಿಳಿಯುತ್ತೆ (ಎಲ್‌ಸಿ ಅಂದ್ರೆ ಲೈನ್ ಕ್ಲಿಯರ್, ಲೈನ್ ಆಫ್ ಮಾಡಿಸಿ ಪಡೆಯೋ ಅನುಮತಿ). ಬರೀ ‘ಬಿಡಿಸಬಲ್ಲ ಸಂಪರ್ಕಕ’ ಅಂದ್ರೆ ಯಾವಾಗ ಬೇಕಾದ್ರೂ ಬಿಡಿಸಬಹುದು ಅನ್ನೋ ಅರ್ಥ ಬರುತ್ತೆ, ಅಪಾಯ.

ಉಳಿದಿರೋ ಒಂದು ಪ್ರಶ್ನೆ ಎಲೆಕ್ಟ್ರಿಕ್ ಗಾಡಿಗಳದ್ದು. ಆ ಕಿತ್ತಳೆ ಬಣ್ಣದ ಕೇಬಲ್‌ನಲ್ಲೂ ಶೀಲ್ಡ್ ಇದೆ, ಆದ್ರೆ ಅದು ಹೆಣೆದಿರೋ ತಂತಿ ಜಾಲರಿ, ಇನ್ವರ್ಟರ್ ಎಬ್ಬಿಸೋ ವಿದ್ಯುತ್ ಗದ್ದಲ ಹೊರಗೆ ಹೋಗಿ ರೇಡಿಯೋ, ಸೆನ್ಸರ್ ಕೆಡಿಸದೇ ಇರ್ಲಿ ಅಂತ ಮುಖ್ಯವಾಗಿ, ಅದಕ್ಕೇ ಕನೆಕ್ಟರ್ ಚಿಪ್ಪಿಗೆ ಜಾಲರಿ ಸುತ್ತಲೂ 360 ಡಿಗ್ರಿ ತಾಗಿರ್ಬೇಕು, ಜಾಲರಿ ಜಡೆ ಹೆಣೆದು ಒಂದು ಕಡೆ ಕಟ್ಟಿದ್ರೆ ಸಾಲದು. ಮಾಡೋ ಕೆಲಸವೇ ಬೇರೆ ಆದ್ಮೇಲೆ ಇದಕ್ಕೂ ಪೊರೆ ಅನ್ನಬೇಕಾ ಇಲ್ಲ ‘ಮರೆ’ ಅಂತ ಬೇರೆ ಮಾಡ್ಬೇಕಾ? ವರ್ಕ್‌ಶಾಪಲ್ಲಿ ಕೈ ಕೊಳೆ ಮಾಡ್ಕೊಂಡಿರೋರು ಏನಂತೀರಿ ಅಂತ ಮೊದಲು ತಿಳಿಸಿ, ಧಾರವಾಡ ಕಲಬುರ್ಗಿ ಕಡೆ ಬೇರೆ ಹೆಸರಿದ್ರೆ ಅದನ್ನೂ.