ಕರಾವಳಿಯ ಗಾಲ್ಫ್ ಮೈದಾನದಲ್ಲಿ ಹಂಗಾಮಿನ ಹೂಗಿಡಗಳು: ಯಾವುದನ್ನು, ಯಾವಾಗ ನೆಡಬೇಕು?

ಪ್ರಶ್ನೆ (ಮಂಗಳೂರಿನಿಂದ)

ಮಾನ್ಯರೇ, ಮಂಗಳೂರಿನ ಹೊರವಲಯದ ಗುಡ್ಡವೊಂದರ ಮೇಲಿರುವ ಗಾಲ್ಫ್ ಮೈದಾನದ ಹೂದೋಟದ ಹೊಣೆ ಈ ವರ್ಷ ನನ್ನ ಪಾಲಿಗೆ ಬಂದಿದೆ. ಹುಲ್ಲನ್ನು ಬೇರೆ ತಂಡ ನೋಡಿಕೊಳ್ಳುತ್ತದೆ. ಟೀಗಳ (ಪ್ರತಿ ಕುಳಿಯ ಮೊದಲ ಹೊಡೆತ ಹೊಡೆಯುವ ಜಾಗಗಳ) ಪಕ್ಕದ, ಕ್ಲಬ್ ಹೌಸಿನ ಮುಂದಿನ ಹಾಗೂ ನಡೆದಾರಿಯ ಅಂಚಿನ ಮಡಿಗಳು ನನ್ನ ಪಾಲಿನವು. ಬೆಂಗಳೂರಿನಿಂದ ತರಿಸಿದ ನಾಟಿಯ ಪಟ್ಟಿಯಲ್ಲಿ ಚೆಂಡುಹೂ ಮತ್ತು ನಿತ್ಯಪುಷ್ಪವನ್ನು ಜೂನ್ ತಿಂಗಳಿನಲ್ಲಿಯೇ ನೆಡಬೇಕೆಂದಿದೆ. ಮುರಕಲ್ಲಿನ (ಲ್ಯಾಟರೈಟ್) ಮೇಲೆ ಗೇಣುದ್ದದ ಮಣ್ಣಷ್ಟೇ ಇರುವ ನಮ್ಮ ಜಾಗಕ್ಕೆ ಇದು ಹೊಂದುತ್ತದೆಯೇ? ಜನವರಿಯ ಎರಡನೆಯ ವಾರದಲ್ಲಿ ನಡೆಯುವ ಪಂದ್ಯಾವಳಿಯ ಹೊತ್ತಿಗೆ ಮಡಿಗಳು ತುಂಬಿರಬೇಕು, ಮಳೆಗಾಲದಲ್ಲಿಯೂ ಮೈದಾನ ಬರಿದಾಗಿ ಕಾಣಬಾರದು ಎಂಬುದು ನನ್ನ ಆಸೆ.

ಉತ್ತರ 1 (ಮೂಡುಬಿದಿರೆಯ ಸಸಿಮಡಿಯವರು)

ಆ ಪಟ್ಟಿಯನ್ನು ದಯವಿಟ್ಟು ಬದಿಗಿಡಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 1,000 ಮಿಲಿಮೀಟರ್ ಮಳೆ ಬಿದ್ದರೆ ನಮ್ಮಲ್ಲಿ 3,500 ಮಿಲಿಮೀಟರಿಗೂ ಹೆಚ್ಚು ಬೀಳುತ್ತದೆ, ಅದರಲ್ಲಿಯೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಿನಲ್ಲಿ ಸುರಿಯುತ್ತದೆ. ನಿತ್ಯಪುಷ್ಪಕ್ಕೆ ಈ ತೇವದಲ್ಲಿ ಫೈಟಾಫ್ತೊರಾ ತಗಲಿ ಬುಡವೇ ಕೊಳೆಯುತ್ತದೆ. ನಮ್ಮ ಅಡಿಕೆಯ ಕೊಳೆರೋಗಕ್ಕೆ ಕಾರಣವಾಗುವುದೂ ಇದೇ ವರ್ಗದ ರೋಗಾಣು. ಆಟಿಯ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳು) ಮಳೆಯಲ್ಲಿ ಚೆಂಡುಹೂವಿನ ಮೊಗ್ಗುಗಳು ಅರಳುವ ಮೊದಲೇ ಕಪ್ಪಾಗುತ್ತವೆ.

ನನ್ನ ಅಭಿಪ್ರಾಯದಲ್ಲಿ ಮಳೆಗಾಲದ ಬಣ್ಣವನ್ನು ಪೊದೆಗಿಡಗಳಿಗೆ ವಹಿಸಿ, ಹಂಗಾಮಿನ ಗಿಡಗಳನ್ನು ಮಳೆ ಹಿಂದೆ ಸರಿದ ಮೇಲಷ್ಟೇ ನೆಡುವುದು ಸರಿಯಾದ ಕ್ರಮ. ಕೇಪುಳ (ಇಕ್ಸೋರಾ), ದಾಸವಾಳ, ಅಬ್ಬಲಿಗೆ ಇವು ಇಲ್ಲಿನ ಹುಳಿಮಣ್ಣಿಗೆ ಒಗ್ಗಿದ ಗಿಡಗಳು. ಮಳೆಯಲ್ಲಿಯೇ ಹೂ ಬಿಡುವ ಒಂದು ವರ್ಷಾಯು ಗಿಡ ಬೇಕೆಂದಾದರೆ ಕರ್ಣಕುಂಡಲದ ಬೀಜವನ್ನು ಮೇ ತಿಂಗಳ ಕೊನೆಯಲ್ಲಿ ಏರುಮಡಿಗೆ ಹಾಕಿ. ನೀರು ನಿಲ್ಲದಂತೆ ಕಣಿ ತೆಗೆದಿದ್ದರೆ ಅದು ಸೋಣ ತಿಂಗಳವರೆಗೂ (ಆಗಸ್ಟ್–ಸೆಪ್ಟೆಂಬರ್) ಹೂ ಕೊಡುತ್ತದೆ. ನಮ್ಮ ಹಿರಿಯರ ಅಂಗಳದಲ್ಲಿ ಮಳೆಗಾಲ ಪೂರ್ತಿ ಇರುತ್ತಿದ್ದ ಈ ಗಿಡವನ್ನು ದೊಡ್ಡ ಉದ್ಯಾನಗಳವರು ಕೈಬಿಟ್ಟಿರುವುದಕ್ಕೆ ನನಗೆ ನಿಜವಾಗಿಯೂ ಬೇಸರವಿದೆ.

ಜನವರಿಯ ಲೆಕ್ಕವನ್ನು ಹಿಂದಿನಿಂದ ಹಾಕಿಕೊಳ್ಳಿ. ಚೆಂಡುಹೂ ಮತ್ತು ಜೀನಿಯಾ ಬೀಜ ಬಿತ್ತಿದ ಸುಮಾರು ಎರಡು ತಿಂಗಳಿಗೆ ಅರಳತೊಡಗುತ್ತವೆ. ಚೆಂಡುಹೂವಿನ ಕುಡಿ ಚಿವುಟಿದರೆ ಗಿಡ ಕವಲೊಡೆದು ಹೂ ಹೆಚ್ಚುತ್ತದೆ, ಆದರೆ ಅರಳುವುದು ಒಂದೆರಡು ವಾರ ತಡವಾಗುತ್ತದೆ. ಆದ್ದರಿಂದ ಅಕ್ಟೋಬರ್ ಮೊದಲ ವಾರದಲ್ಲಿ ನೆರಳುಬಲೆಯ ಕೆಳಗೆ ಟ್ರೇಗಳಲ್ಲಿ ಬಿತ್ತಿ, ಸಂಜೆಯ ಗುಡುಗುಮಳೆ ಕಡಿಮೆಯಾಗುವ ನವೆಂಬರ್ ಮೊದಲ ವಾರದಲ್ಲಿ ಮಡಿಗೆ ನೆಡಿ. ಸಾಲ್ವಿಯಾ, ಕಾಸ್ಮಾಸ್ ಕೂಡ ಈ ಲೆಕ್ಕಕ್ಕೆ ಬರುತ್ತವೆ. ಪೆಟೂನಿಯಾ ನಮ್ಮ ಸೆಕೆಯನ್ನು ಹೆಚ್ಚು ದಿನ ತಾಳುವುದಿಲ್ಲವಾದ ಕಾರಣ ಅದನ್ನು ಕ್ಲಬ್ ಹೌಸಿನ ಕುಂಡಗಳಿಗೆ ಮಾತ್ರ ಇಟ್ಟುಕೊಳ್ಳಿ.

ಮುರಕಲ್ಲಿನ ಮಣ್ಣಿನಲ್ಲಿರುವ ಕಬ್ಬಿಣ ಮತ್ತು ಅಲ್ಯುಮಿನಿಯಂ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ, ಪೊಟ್ಯಾಷ್ ಮಳೆಯ ನೀರಿನೊಂದಿಗೆ ಇಳಿದುಹೋಗುತ್ತದೆ. ನಾಟಿಗೆ ಎರಡು ಮೂರು ವಾರ ಮೊದಲು ಮಣ್ಣು ಪರೀಕ್ಷೆಯ ಪ್ರಕಾರ ಸುಣ್ಣ ಸೇರಿಸಿ, ಆಮೇಲೆ ಹಟ್ಟಿಗೊಬ್ಬರ ಮತ್ತು ಸುಡುಮಣ್ಣು ಬೆರೆಸಿ. ಕೇಪುಳದ ಬುಡಕ್ಕೆ ಮಾತ್ರ ಸುಣ್ಣ ಬೀಳಬಾರದು; ಮಣ್ಣಿನ ಹುಳಿ ಕಳೆದರೆ ಅದರ ಎಲೆ ಹಳದಿಯಾಗುತ್ತದೆ.

ಉತ್ತರ 2 (ಹುಲ್ಲುಹಾಸಿನ ಕೆಲಸದಲ್ಲಿರುವವರು, ಉಡುಪಿ)

ಮೇಲಿನ ಮಾತುಗಳನ್ನು ಒಪ್ಪುತ್ತೇನೆ. ಆದರೆ ಗಾಲ್ಫ್ ಮೈದಾನದಲ್ಲಿ ಹುಲ್ಲಿಗೆ ತೊಂದರೆಯಾಗುವ ಯಾವ ಹೂವೂ ಬೇಡ ಎಂಬುದನ್ನು ಸೇರಿಸಬೇಕಾಗಿದೆ. ಫೇರ್‌ವೇಗಳಲ್ಲಿ (ಟೀಯಿಂದ ಕುಳಿಯತ್ತ ಸಾಗುವ ಹುಲ್ಲುಹಾದಿಗಳಲ್ಲಿ) ಬೆಳೆಸುವ ಬರ್ಮುಡಾ ಹುಲ್ಲು ನಮ್ಮ ಗರಿಕೆಯ ಬಳಗದ್ದೇ ಆಗಿದ್ದು, ಅದಕ್ಕೆ ಇಡೀ ದಿನದ ಬಿಸಿಲು ಬೇಕು. ಮಳೆಗಾಲದ ಮೋಡದಿಂದಲೇ ಸೊರಗುವ ಆ ಹುಲ್ಲಿನ ಮೇಲೆ ದಾಸವಾಳದ ಬೇಲಿಯ ನೆರಳೂ ಬಿದ್ದರೆ ಟೀಯ ಅಂಚಿನಲ್ಲಿ ಪಾಚಿ ಕಟ್ಟುತ್ತದೆ. ಬೆಳಗಿನ ಬಿಸಿಲು ಬರುವ ಕಡೆ ಮೊಣಕಾಲೆತ್ತರ ಮೀರದ ಗಿಡಗಳನ್ನಷ್ಟೇ ಇಡಿ.

ಸ್ಪ್ರಿಂಕ್ಲರಿನ ನೀರು ಹಾರುವ ವ್ಯಾಪ್ತಿಯೊಳಗೆ ಮಡಿ ಮಾಡಬೇಡಿ. ಹುಲ್ಲಿಗೆ ಬೇಕಾದಷ್ಟು ನೀರು ಹೂಗಿಡಕ್ಕೆ ಅತಿಯಾಗುತ್ತದೆ, ದಿನವೂ ಒದ್ದೆಯಾಗುವ ಹೂ ಕಂದುಗಟ್ಟುತ್ತದೆ. ಮಡಿಗಳಿಗೆ ಪ್ರತ್ಯೇಕ ಹನಿ ನೀರಾವರಿ ಹಾಕಿಸಿ. ಮಾರ್ಚ್ ಮಧ್ಯದಲ್ಲಿ ಹಂಗಾಮಿನ ಗಿಡಗಳನ್ನು ಕಿತ್ತು, ಮಡಿಗೆ ತರಗೆಲೆ ಹೊದಿಸಿ, ಏಪ್ರಿಲ್ ಮತ್ತು ಮೇ ತಿಂಗಳ ನೀರನ್ನು ಗ್ರೀನ್‌ಗಳಿಗೆ (ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲುಹಾಸಿಗೆ) ಉಳಿಸಿಕೊಳ್ಳುವುದು ಒಳ್ಳೆಯದು.

ಇನ್ನು, ಇಳಿಜಾರನ್ನು ಬೇಗ ಮುಚ್ಚುತ್ತದೆಂದು ವೆಡೇಲಿಯಾ ನೆಡಲು ಯಾರಾದರೂ ಹೇಳಿಯಾರು, ಖಂಡಿತ ಬೇಡ. ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಹರಡುವ ಆ ಹಳದಿ ಹೂವಿನ ಬಳ್ಳಿ, ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಫೇರ್‌ವೇಗೆ ನುಗ್ಗಿದ ಮೇಲೆ ಅದನ್ನು ತೆಗೆಯುವುದು ಬಹಳ ಕಷ್ಟ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಅಕ್ಟೋಬರ್ ಬಿತ್ತನೆಗೆ ಈಗಲೇ ಟ್ರೇಗಳನ್ನು ಹೇಳಿಡುತ್ತೇನೆ, ಎರಡು ಟೀಗಳ ಪೂರ್ವಕ್ಕಿರುವ ದಾಸವಾಳವನ್ನು ಕ್ಲಬ್ ಹೌಸಿನ ಕಡೆಗೆ ಸಾಗಿಸುತ್ತೇನೆ. ಇನ್ನೊಂದು ಸಂದೇಹವಿದೆ: ಚೆಂಡು ಮಡಿಯೊಳಗೆ ಬಿದ್ದಾಗ ಆಟಗಾರರು ಗಿಡಗಳ ನಡುವೆ ನಿಂತು ಹೊಡೆಯುವುದನ್ನು ತಡೆಯಲು ಆಟದ ನಿಯಮದಲ್ಲಿ ಅವಕಾಶವಿದೆಯೇ?

ಉತ್ತರ 3 (ಹವ್ಯಾಸಿ ಆಟಗಾರರು)

ಅವಕಾಶವಿದೆ. ಮಡಿಯನ್ನು ‘ದುರಸ್ತಿಯಲ್ಲಿರುವ ನೆಲ’ ಎಂದೂ ಅದರೊಳಗೆ ‘ಆಟ ನಿಷಿದ್ಧ ವಲಯ’ ಎಂದೂ ಮೈದಾನದ ಸಮಿತಿಯು ಸ್ಥಳೀಯ ನಿಯಮದ ಮೂಲಕ ಘೋಷಿಸಬಹುದು. ಆಗ ಚೆಂಡು ಅಲ್ಲಿ ಬಿದ್ದ ಆಟಗಾರರು ಮಡಿಯೊಳಗಿನಿಂದ ಹೊಡೆಯುವಂತಿಲ್ಲ. ದಂಡವಿಲ್ಲದೆ, ಅಡಚಣೆಯಿಲ್ಲದ ಅತಿ ಹತ್ತಿರದ ಬಿಂದುವಿನಿಂದ ಒಂದು ಕ್ಲಬ್ಬಿನ ಉದ್ದದೊಳಗೆ, ಕುಳಿಗೆ ಇನ್ನಷ್ಟು ಸಮೀಪವಾಗದಂತೆ, ಮೊಣಕಾಲಿನ ಎತ್ತರದಿಂದ ಚೆಂಡನ್ನು ಬಿಟ್ಟು ಆಟ ಮುಂದುವರಿಸಬೇಕು. ಚೆಂಡು ಹೊರಗಿದ್ದರೂ ನಿಲ್ಲಲು ಅಥವಾ ಕ್ಲಬ್ ಬೀಸಲು ಮಡಿಯೇ ಅಡ್ಡವಾದರೆ ಸಾಮಾನ್ಯವಾಗಿ ಇದೇ ಕ್ರಮ. ಘೋಷಣೆಯಿಲ್ಲದಿದ್ದರೆ ಹೂವಿನ ಮಡಿಯೂ ಆಟದ ನೆಲವೇ ಆಗಿರುತ್ತದೆ, ಗಿಡ ತುಳಿದವರನ್ನು ನಿಯಮದ ಹೆಸರಿನಲ್ಲಿ ತಡೆಯಲಾಗದು. ಆದ್ದರಿಂದ ಸಸಿ ನೆಡುವ ಮೊದಲೇ ಸಮಿತಿಗೆ ಪತ್ರ ಬರೆದು, ಮಡಿಗಳ ಸುತ್ತ ಗೂಟ ಹಾಕಿಸಿ, ಸ್ಕೋರ್ ಕಾರ್ಡಿನ ಹಿಂಬದಿಯಲ್ಲಿ ಈ ಸ್ಥಳೀಯ ನಿಯಮವನ್ನು ಮುದ್ರಿಸಲು ಕೇಳಿಕೊಳ್ಳಿ.