ಸಮ್ಮರ್ ಕ್ಯಾಂಪ್ ಮುಗಿಯಿತು, ಇನ್ನು ಸ್ಪರ್ಧಾ ಬ್ಯಾಚಿಗೆ ಸೇರಿಸಬಹುದಾ?

ತಾಯಿ, ಜಯನಗರ: ನಮಸ್ಕಾರ ಸರ್. ಮಗಳಿಗೆ ಏಳು ವರ್ಷ. ಏಪ್ರಿಲ್–ಮೇ ಕ್ಯಾಂಪಿನಲ್ಲಿ ಈಜು ಕಲಿತಳು. 25 ಮೀಟರ್ ಕೊಳದಲ್ಲಿ ಅರ್ಧ ದಾಟುವಷ್ಟರಲ್ಲಿ ಏದುಸಿರು ಬಂದು ಲೇನ್ ಹಗ್ಗ ಹಿಡಿದು ನಿಂತುಬಿಡುತ್ತಾಳೆ. ಸ್ಟ್ಯಾಮಿನಾ ಸಾಲದು ಅಂತ ಮನೆಯವರು ದಿನಾ ಬೆಳಗ್ಗೆ ಪಾರ್ಕಿನಲ್ಲಿ ಓಡಿಸುತ್ತಿದ್ದಾರೆ. ಮುಂದಿನ ತಿಂಗಳು ಕ್ಲಬ್ಬಿನಲ್ಲಿ ಸ್ಪರ್ಧಾ ಬ್ಯಾಚಿಗೆ ಟ್ರಯಲ್ ಇದೆ. ಕಳಿಸಲಾ?

ಈಜು ಕೋಚ್: ಓಡಲಿ ಬಿಡಿ, ಕೆಟ್ಟದ್ದೇನಲ್ಲ. ಆದರೆ ಈ ತೊಂದರೆಗೆ ಅದು ಮದ್ದಲ್ಲ. ಏಳು ವರ್ಷದ ಮಗುವಿಗೆ 25 ಮೀಟರ್ ಈಜುವಷ್ಟು ದಮ್ಮು ಇದ್ದೇ ಇರುತ್ತದೆ. ಅವಳು ಬಹುಶಃ ನೀರೊಳಗೆ ಉಸಿರು ಬಿಡುತ್ತಿಲ್ಲ, ಅಷ್ಟೆ.

ನಾಳೆ ದಡದಲ್ಲಿ ಕೂತು ಒಂದೇ ಒಂದನ್ನು ಗಮನಿಸಿ. ಮುಖ ನೀರಲ್ಲಿದ್ದಾಗ ಮೂಗಿನ ಹತ್ತಿರ ಗುಳ್ಳೆ ಏಳುತ್ತಿದೆಯಾ? ಗುಳ್ಳೆ ಇಲ್ಲ, ಮುಖ ಹೊರಬಂದ ಕೂಡಲೇ ‘ಫೂ’ ಅಂತ ನೀರು ಚಿಮ್ಮುತ್ತಿದೆ ಅಂದರೆ, ಉಸಿರು ಬಿಡುವುದು, ಎಳೆಯುವುದು ಎರಡನ್ನೂ ಬಾಯಿ ಹೊರಗಿರುವ ಅರ್ಧ ಸೆಕೆಂಡಿನಲ್ಲೇ ಮುಗಿಸಲು ಹೋಗುತ್ತಿದ್ದಾಳೆ. ಬಿಡುವುದರಲ್ಲೇ ಹೊತ್ತು ಕಳೆದು, ಎಳೆಯುವುದು ಅರೆಬರೆಯಾಗುತ್ತದೆ. ಹೀಗೆ ನಾಲ್ಕೈದು ಸಲವಾದರೆ ಒಳಗೆ ಇಂಗಾಲದ ಡೈಆಕ್ಸೈಡ್ ಸೇರಿ ಎದೆ ಬಿಗಿಯುತ್ತದೆ, ಮಗು ಹೆದರಿ ತಲೆ ಎತ್ತುತ್ತದೆ. ತಲೆ ಎದ್ದರೆ ಕಾಲು ಮುಳುಗುತ್ತದೆ. ಆಮೇಲೆ ಹಗ್ಗವೇ ಗತಿ.

ಒಂದು ವಾರ ದೂರ ಈಜಿಸುವುದು ಬೇಡ. ಎದೆಮಟ್ಟದ ನೀರಲ್ಲಿ ಗೋಡೆ ಹಿಡಿದು ಬಾಬಿಂಗ್ ಮಾಡಿಸಿ. ಬಾಯಲ್ಲಿ ಉಸಿರೆಳೆದು, ಮುಳುಗಿ, ತುಟಿ ಮುಚ್ಚಿಕೊಂಡು ‘ಮ್ಮ್ಮ್’ ಅಂತ ಗುನುಗಬೇಕು. ಗುನುಗುವಾಗ ಮೂಗಿನಿಂದ ಗಾಳಿ ಹೋಗಲೇಬೇಕು, ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಮೂರು ಎಣಿಸಿ ಮೇಲೆ ಬಂದಾಗ ಬರೀ ಎಳೆಯುವುದು. ಮೊದಲ ದಿನ ಹತ್ತರಂತೆ ಎರಡು ಸುತ್ತು ಸಾಕು. ಮುಖ ಒರೆಸಿಕೊಳ್ಳದೆ ಒಂದೇ ಸಮನೆ ಇಪ್ಪತ್ತು ಬಂದ ಮೇಲೆ ಮುಂದಿನ ಪಾಠ. ಒರೆಸಿಕೊಳ್ಳುವ ಮಗುವಿಗೆ ಇನ್ನೂ ನೀರು ಒಗ್ಗಿಲ್ಲ ಅಂತಲೇ ಲೆಕ್ಕ.

ಆಮೇಲೆ ಕಿಕ್ ಬೋರ್ಡ್. ಒಂದು ಕೈ ಬೋರ್ಡಿನ ಮೇಲೆ ನೀಳವಾಗಿ, ಇನ್ನೊಂದು ತೊಡೆಗೆ ಅಂಟಿಕೊಂಡಿರಲಿ. ಮುಖ ಕೆಳಗಿಟ್ಟು ಆರು ಕಿಕ್, ಮಗ್ಗುಲಾಗಿ ಒಂದು ಉಸಿರು, ಮತ್ತೆ ಮುಖ ಕೆಳಗೆ. ಮಗ್ಗುಲಾದಾಗ ಕಿವಿ ಚಾಚಿದ ತೋಳಿನ ಮೇಲೇ ಒರಗಿರಬೇಕು. ‘ಗಾಗಲ್ಸಿನ ಒಂದು ಕಣ್ಣು ನೀರಲ್ಲಿ, ಒಂದು ಕಣ್ಣು ಹೊರಗೆ’ ಅಂದರೆ ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ. ಎರಡೂ ಹೊರಗೆ ಬಂದರೆ ತಲೆ ಎತ್ತಿದ್ದಾಳೆ ಅಂತ. ಇದು 12 ಮೀಟರ್ ಸಲೀಸಾಗಿ ಬಂದರೆ ಕೈಬೀಸು ಸೇರಿಸಿ. ದಿನಾ ಹೋದರೆ ಸಾಮಾನ್ಯವಾಗಿ ಎರಡು–ಮೂರು ವಾರದ ಕೆಲಸ. ಟ್ರಯಲ್‌ಗೆ ಧಾರಾಳ ಸಮಯ ಇದೆ.

ತಾಯಿ, ಜಯನಗರ: ಟ್ರಯಲ್‌ನಲ್ಲಿ ಟೈಮಿಂಗ್ ನೋಡುತ್ತಾರಾ ಸರ್?

ಈಜು ಕೋಚ್: ಸ್ಟಾಪ್‌ವಾಚ್ ಕೈಯಲ್ಲಿರುತ್ತದೆ, ಆದರೆ ಈ ವಯಸ್ಸಿನವರಲ್ಲಿ ನೋಡುವುದು ಬೇರೆ. ನಿಲ್ಲದೆ 25 ಮೀಟರ್ ಫ್ರೀಸ್ಟೈಲ್, 25 ಮೀಟರ್ ಬ್ಯಾಕ್‌ಸ್ಟ್ರೋಕ್, ಆಳದಲ್ಲಿ ಒಂದು ನಿಮಿಷ ತೇಲಿ ನಿಲ್ಲುವುದು, ಗೋಡೆ ಒದ್ದು ಬಾಣದ ಹಾಗೆ ನಾಲ್ಕೈದು ಮೀಟರ್ ಜಾರುವುದು. ಜಾರುವಾಗ ಅಂಗೈ ಮೇಲೆ ಅಂಗೈ, ತೋಳು ಕಿವಿಯ ಹಿಂದೆ. ಕಪ್ಪೆಯಂತೆ ಕಾಲು ಒದೆಯುವ ಬ್ರೆಸ್ಟ್‌ಸ್ಟ್ರೋಕ್, ಎರಡೂ ಕೈ ಒಟ್ಟಿಗೆ ಬೀಸುವ ಬಟರ್‌ಫ್ಲೈ ಬರದಿದ್ದರೂ ನಡೆಯುತ್ತದೆ, ಅದನ್ನು ಬ್ಯಾಚಿನಲ್ಲೇ ಕಲಿಸುತ್ತಾರೆ.

ಇನ್ನೊಂದಿದೆ, ಇದನ್ನು ಯಾರೂ ಮನೆಯಲ್ಲಿ ತಯಾರಿ ಮಾಡಿಸುವುದಿಲ್ಲ: ಲೇನ್ ಶಿಸ್ತು. ಒಂದೇ ಲೇನಿನಲ್ಲಿ ಆರೇಳು ಮಕ್ಕಳು ಈಜುತ್ತಾರೆ. ಹೋಗುವಾಗ ಒಂದು ಪಕ್ಕ, ಬರುವಾಗ ಇನ್ನೊಂದು ಪಕ್ಕ. ಮುಂದಿನವರು ಹೊರಟ ಐದು ಸೆಕೆಂಡಿಗೆ ನಾವು. ಗೋಡೆ ಮುಟ್ಟಿದ ಮೇಲೆ ಮೂಲೆಗೆ ಸರಿದು ಹಿಂದಿನವರಿಗೆ ಜಾಗ ಬಿಡಬೇಕು. ಇದು ಗೊತ್ತಿಲ್ಲದ ಮಗು ಎಷ್ಟೇ ಜೋರಾಗಿ ಈಜಿದರೂ ಮೊದಲ ವಾರವೇ ಯಾರದ್ದೋ ಒದೆ ತಿಂದು ಅಳುತ್ತಾ ಮನೆಗೆ ಬರುತ್ತದೆ. ಕೋಚ್ ‘ನಾಲ್ಕು ಇಪ್ಪತ್ತೈದು, ಒಂದು ನಿಮಿಷಕ್ಕೊಂದು’ ಅಂದರೆ 25 ಮೀಟರ್ ನಾಲ್ಕು ಸಲ, ಪ್ರತಿ ಸಲಕ್ಕೂ ಈಜು, ವಿಶ್ರಾಂತಿ ಎರಡೂ ಸೇರಿ ಒಂದು ನಿಮಿಷ ಅಂತ. ಗಡಿಯಾರದ ಸೆಕೆಂಡ್ ಮುಳ್ಳು ಓದುವುದನ್ನು ಮನೆಯಲ್ಲೇ ಕಲಿಸಿ ಕಳಿಸಿ.

ತಂದೆ, ಚನ್ನಗಿರಿ ಕಡೆಯವರು: ನನ್ನ ಮಗ ಊರ ಬಾವಿಯಲ್ಲಿ ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಕಲಿತವನು. ಒಂಬತ್ತು ವರ್ಷ, ಅರ್ಧ ಗಂಟೆ ಬೇಕಾದರೂ ಈಜುತ್ತಾನೆ. ಈಗ ದಾವಣಗೆರೆಯಲ್ಲಿ ಈಜುಕೊಳಕ್ಕೆ ಹಾಕಿದರೆ ‘ಮೊದಲಿಂದ ಕಲಿಯಬೇಕು’ ಅನ್ನುತ್ತಾರೆ. ಬಂದದ್ದನ್ನು ಮತ್ತೆ ಕಲಿಯುವುದೇನು?

ಈಜು ಕೋಚ್: ಮೊದಲಿಂದ ಅನ್ನುವುದು ಸರಿಯಲ್ಲ. ನೀರಿನ ಭಯ ಇಲ್ಲ, ಆಳ ಅಂದರೆ ಲೆಕ್ಕಕ್ಕಿಲ್ಲ, ತೇಲಿ ನಿಲ್ಲಲು ಬರುತ್ತದೆ. ಪೇಟೆ ಮಕ್ಕಳಿಗೆ ಇಷ್ಟು ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಬಿಡಿಸಬೇಕಾದದ್ದು ಎರಡು ಅಭ್ಯಾಸ.

ಒಂದು, ತಲೆ. ಬಾವಿ, ಹೊಳೆಯಲ್ಲಿ ಎದುರಿಗೆ ಏನಿದೆ ಅಂತ ನೋಡಬೇಕು, ಅದಕ್ಕೆ ತಲೆ ಎತ್ತಿಯೇ ಈಜುವುದು. ಅಲ್ಲಿ ಅದು ಸರಿಯೇ. ಕೊಳದಲ್ಲಿ ತಲೆ ಎತ್ತಿದಷ್ಟೂ ಸೊಂಟ ಕೆಳಗಿಳಿದು, ಮೈಯೆಲ್ಲ ನೀರಿಗೆ ಅಡ್ಡಗೋಡೆಯಾಗುತ್ತದೆ. ತಳದ ಕಪ್ಪು ಗೆರೆ ನೋಡುತ್ತಾ, ನೀರಿನ ಮಟ್ಟ ನೆತ್ತಿಯ ಮೇಲೆ ಹಾಯುವಂತೆ ಇರಬೇಕು. ಹುಡುಗರು ಇದಕ್ಕೆ ಒಪ್ಪುವುದಿಲ್ಲ, ‘ಕುರುಡಾಗಿ ಹೋದ ಹಾಗಾಗುತ್ತೆ’ ಅನ್ನುತ್ತಾರೆ. ಮುಖ ಮುಳುಗಿಸಿ, ಕೈ ಚಾಚಿ ಬರೀ ಜಾರಿಸಿ. ತಲೆ ಎತ್ತಿ ಒಮ್ಮೆ, ಇಳಿಸಿ ಒಮ್ಮೆ. ಒಂದೇ ಒದೆತಕ್ಕೆ ಎಷ್ಟು ದೂರ ಹೋದೆ ಅಂತ ಅವನೇ ಅಳೆಯಲಿ. ವಾದ ಅಲ್ಲಿಗೇ ಮುಗಿಯುತ್ತದೆ.

ಎರಡು, ಕತ್ತರಿ ಕಾಲು. ಒಂದು ಪಾದ ಹೊರಕ್ಕೆ ತಿರುಗಿ, ಇನ್ನೊಂದು ಮೇಲೆ ಕೆಳಗೆ ಬಡಿಯುತ್ತದೆ. ಬ್ರೆಸ್ಟ್‌ಸ್ಟ್ರೋಕಿನಲ್ಲಿ ಇದಕ್ಕೆ ನೇರ ಅನರ್ಹತೆ. ನಿಯಮದ ಪ್ರಕಾರ ಎರಡೂ ಕಾಲು ಒಟ್ಟಿಗೆ, ಒಂದೇ ಮಟ್ಟದಲ್ಲಿ ಚಲಿಸಿ, ಒದೆಯುವಾಗ ಎರಡೂ ಪಾದ ಹೊರಕ್ಕೆ ತಿರುಗಿರಬೇಕು. ದಡದಲ್ಲಿ ಹೊಟ್ಟೆ ಮೇಲೆ ಮಲಗಿಸಿ ಪಾದ ಹಿಡಿದು ತಿರುಗಿಸಿ ತೋರಿಸಿ: ಹಿಮ್ಮಡಿ ಪೃಷ್ಠದ ಕಡೆ, ಹೆಬ್ಬೆರಳು ಹೊರಕ್ಕೆ, ಸುತ್ತಿ ಒದೆದು ಕೂಡಿಸು. ದಿನಕ್ಕೆ ಇಪ್ಪತ್ತು ಸಲ. ಆಮೇಲೆ ಅಂಗಾತ ತೇಲುತ್ತಾ ಅದೇ ಒದೆತ. ಅಂಗಾತ ಇದ್ದಾಗ ಸುಮ್ಮನೆ ಗದ್ದ ತಗ್ಗಿಸಿದರೆ ತನ್ನ ಕಾಲು ತನಗೇ ಕಾಣುತ್ತದೆ, ತಪ್ಪು ಹೇಳಿಕೊಡಬೇಕಾಗಿಲ್ಲ. ಬಾವಿಯ ಹುಡುಗರನ್ನು ತಿದ್ದಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ ಅನ್ನುತ್ತೇನೆ.

ಜೊತೆಗೆ ಒಂದು ಎಚ್ಚರಿಕೆ. ಈಜು ಬಲ್ಲ ಹುಡುಗರು ‘ಯಾರು ಜಾಸ್ತಿ ಹೊತ್ತು ಮುಳುಗಿರುತ್ತಾರೆ’ ಅಂತ ಪಂದ್ಯ ಕಟ್ಟುತ್ತಾರೆ. ಬೇಡವೇ ಬೇಡ. ಮುಳುಗುವ ಮುಂಚೆ ಜೋರಾಗಿ ಪದೇ ಪದೇ ಉಸಿರಾಡಿದರೆ ‘ಉಸಿರು ಬೇಕು’ ಅನ್ನುವ ಸೂಚನೆಯೇ ತಡವಾಗಿ, ಅದಕ್ಕೆ ಮೊದಲೇ ಪ್ರಜ್ಞೆ ತಪ್ಪಬಹುದು. ಸದ್ದಿಲ್ಲದೆ ನಡೆದುಹೋಗುತ್ತದೆ. ಚೆನ್ನಾಗಿ ಈಜುವವರಿಗೇ ಹೀಗಾಗುವುದು ಹೆಚ್ಚು.

ತಾಯಿ, ಮೈಸೂರು: ಪೂಲಿಗೆ ಹೋದಾಗಿನಿಂದ ಮಗನಿಗೆ ಕಿವಿನೋವು. ಅಜ್ಜಿ ಬೆಚ್ಚಗಿನ ಕೊಬ್ಬರಿ ಎಣ್ಣೆ ಹಾಕುತ್ತಾರೆ. ಸರಿಯಾ?

ಕಿವಿ–ಮೂಗು–ಗಂಟಲು ವೈದ್ಯೆ: ಅಜ್ಜಿಗೆ ನಯವಾಗಿ ಬೇಡ ಅನ್ನಿ. ನೋವಿರುವ ಕಿವಿಗೆ ಎಣ್ಣೆ ಹಾಕಬಾರದು. ತಮಟೆಯಲ್ಲಿ ತೂತಿದ್ದರೆ ಎಣ್ಣೆ ಒಳಗಿಳಿಯುತ್ತದೆ. ಕಿವಿಯ ಹಾಲೆಯನ್ನು ಮೆಲ್ಲಗೆ ಎಳೆದಾಗ ಅಥವಾ ಕಿವಿ ಬಾಯಿಯ ಮುಂದಿನ ಸಣ್ಣ ಗುಬುಟು ಒತ್ತಿದಾಗ ನೋವು ಹೆಚ್ಚಾದರೆ ಹೊರಕಿವಿಯ ಸೋಂಕು ಇರಬಹುದು, ಈಜುವವರಲ್ಲಿ ಸಾಮಾನ್ಯ. ವೈದ್ಯರು ನೋಡಿ ಡ್ರಾಪ್ಸ್ ಕೊಡುತ್ತಾರೆ, ಅವರು ಹೇಳುವವರೆಗೆ ನೀರಿಗಿಳಿಯುವುದು ಬೇಡ. ಇಯರ್ ಬಡ್ ಹಾಕಿದರೆ ಚರ್ಮ ತರಚಿ ಸೋಂಕಿಗೆ ದಾರಿಯಾಗುತ್ತದೆ. ಈಜು ಮುಗಿದ ಮೇಲೆ ತಲೆ ಎರಡೂ ಪಕ್ಕಕ್ಕೆ ವಾಲಿಸಿ, ಟವೆಲ್ಲಿನ ಅಂಚಿನಿಂದ ಹೊರಗಷ್ಟೇ ಒರೆಸಿ. ಹಿಂದೆ ಕಿವಿ ಸೋರಿದ್ದರೆ ಈಜಿಗೆ ಸೇರಿಸುವ ಮೊದಲೇ ತೋರಿಸಿ.

ತಂದೆ, ಹುಬ್ಬಳ್ಳಿ: ಮಗಳು ಡೈವ್ ಮಾಡಿದರೆ ಹೊಟ್ಟೆ ಪಟಾರ್ ಅಂತ ಬಡೀತದ್ರೀ. ನಮ್ಮ ಅಪಾರ್ಟ್‌ಮೆಂಟಿನ ಪೂಲಿನ್ಯಾಗ ಪ್ರಾಕ್ಟೀಸ್ ಮಾಡಿಸಲೇನ್ರಿ? ನಾಲ್ಕಡಿ ನೀರೈತಿ.

ಈಜು ಕೋಚ್: ನಾಲ್ಕಡಿಯಲ್ಲಿ ತಲೆ ಮುಂದಾಗಿ ಡೈವ್ ಖಂಡಿತ ಬೇಡ್ರಿ, ಕುತ್ತಿಗೆಯ ಪ್ರಶ್ನೆ. ಸ್ಪರ್ಧೆಯಲ್ಲಿ ನಿಂತು ಹಾರುವ ಕಟ್ಟೆಯ, ಅಂದರೆ ಸ್ಟಾರ್ಟಿಂಗ್ ಬ್ಲಾಕಿನ ಎದುರು ಅಂತರರಾಷ್ಟ್ರೀಯ ನಿಯಮ ಕನಿಷ್ಠ 1.35 ಮೀಟರ್ ಆಳ ಕೇಳುತ್ತದೆ, ಅದೂ ಪಳಗಿದವರಿಗೆ. ಕಲಿಯುವ ಮಗುವಿಗೆ ಒಂಬತ್ತಡಿ ಇರುವಲ್ಲಿ, ದಡದಿಂದ ಮಾತ್ರ, ಕೋಚ್ ಪಕ್ಕದಲ್ಲಿದ್ದಾಗ.

ಹೊಟ್ಟೆ ಬಡಿಯುವುದು ಕೊನೆಯ ಗಳಿಗೆಯಲ್ಲಿ ನೀರು ನೋಡಲು ಗದ್ದ ಎತ್ತುವುದರಿಂದ. ತಲೆ ಎದ್ದರೆ ಎದೆ ಎದ್ದಿತು, ಸೊಂಟ ಬಿದ್ದಿತು. ಗಾಗಲ್ಸ್ ಕಳಚಿ ಬಾಯಿಗೆ ಬರುವುದೂ ಇದಕ್ಕೇ, ಪಟ್ಟಿ ಬಿಗಿ ಮಾಡಿ ಪ್ರಯೋಜನವಿಲ್ಲ. ಮೊದಲು ದಡದಲ್ಲಿ ಕೂತು: ಕಾಲು ನೀರ ಗಟಾರದ ಅಂಚಿನ ಮೇಲೆ, ಕೈ ಜೋಡಿಸಿ ಚಾಚಿ, ಗದ್ದ ಎದೆಗೆ, ಹಾಗೇ ಉರುಳಿ ಒಳಗೆ. ಆಮೇಲೆ ಒಂದು ಮಂಡಿಯೂರಿ. ಆಮೇಲೆ ಬಗ್ಗಿ ನಿಂತು. ಬೆರಳು ಹೊಕ್ಕ ತೂತಿನಲ್ಲೇ ತಲೆ, ಸೊಂಟ, ಕಾಲು ಎಲ್ಲ ಹೋಗಬೇಕು. ಒಂದೊಂದು ಹಂತವೂ ಹತ್ತು ಸಲ ಸದ್ದಿಲ್ಲದೆ ಬಂದ ಮೇಲೆ ಮುಂದಿನದು.

ತಂದೆ, ಬೆಂಗಳೂರು: ಧಿನಿಧಿ ದೇಸಿಂಗು 14ನೇ ವಯಸ್ಸಿಗೇ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈಜಿದರು. ನನ್ನ ಮಗನಿಗೆ ಎಂಟು. ಈಗಿನಿಂದಲೇ ಬೆಳಗ್ಗೆ–ಸಂಜೆ ಎರಡು ಹೊತ್ತು ಹಾಕಿದರೆ ಹೇಗೆ? ಅಂಗೈಗೆ ಕಟ್ಟುವ ಪ್ಯಾಡಲ್, ಪಾದಕ್ಕೆ ಹಾಕುವ ಫಿನ್ಸ್ ಎಲ್ಲ ತಂದಿದ್ದೇನೆ.

ಈಜು ಕೋಚ್: ಬೇಡ. ಎಂಟು ವರ್ಷಕ್ಕೆ ವಾರಕ್ಕೆ ಮೂರು–ನಾಲ್ಕು ದಿನ, ಒಂದೊಂದು ಗಂಟೆ ಸಾಕು. ತಪ್ಪು ಕೈಬೀಸಿನಲ್ಲಿ ಸಾವಿರಾರು ಮೀಟರ್ ಈಜಿಸಿದರೆ ತಪ್ಪೇ ಗಟ್ಟಿಯಾಗುತ್ತದೆ, ಆಮೇಲೆ ಬಿಡಿಸುವುದು ದುಪ್ಪಟ್ಟು ಕೆಲಸ. ಪ್ಯಾಡಲ್ ಎಳೆಯ ಭುಜಕ್ಕೆ ಭಾರ, ಅಟ್ಟಕ್ಕೆ ಹಾಕಿ. ಗಿಡ್ಡ ಫಿನ್ಸ್ ಕೋಚ್ ಕೇಳಿದಾಗ ತನ್ನಿ. ಈ ವಯಸ್ಸಿಗೆ ಒಂಬತ್ತು ಗಂಟೆಯಾದರೂ ನಿದ್ದೆ ಬೇಕು. ಬೆಳಗಿನ ಐದರ ಬ್ಯಾಚ್ ಅಂದರೆ ರಾತ್ರಿ ಏಳೂವರೆಗೆ ಮಲಗಬೇಕು. ನಿಮ್ಮ ಮನೆಯಲ್ಲಿ ಅದು ಆಗುತ್ತದಾ, ನೀವೇ ನೋಡಿ.

ದುಡ್ಡು ಹಾಕುವುದಾದರೆ ಗಾಗಲ್ಸಿಗೆ ಹಾಕಿ. ಪಟ್ಟಿ ಹಾಕದೆ ಬರೀ ಕಣ್ಣಿಗೊತ್ತಿ ಬಿಟ್ಟಾಗ ಎರಡು ಸೆಕೆಂಡ್ ಅಂಟಿಕೊಂಡಿದ್ದರೆ ಅಳತೆ ಸರಿ. ಒಳಗಡೆ ಬೆರಳಿಂದ ಉಜ್ಜಬೇಡಿ, ಮಂಜು ಹಿಡಿಯದಂತೆ ಬಳಿದ ಲೇಪ ಹೋಗುತ್ತದೆ. ಈಜುಡುಗೆ ಪಾಲಿಯೆಸ್ಟರ್ ಇರಲಿ, ಲೈಕ್ರಾ ಕ್ಲೋರಿನ್‌ಗೆ ಬೇಗ ಸಡಿಲವಾಗುತ್ತದೆ. ನೀರಿನ ಬಾಟಲಿ ಮರೆಯಬೇಡಿ, ಕೊಳದಲ್ಲೂ ಬೆವರುತ್ತಾರೆ.

ತಾಯಿ, ಜಯನಗರ: ಸರ್, ಕೊನೆಯದು. ಕ್ಲಬ್ಬಿನ ಮಕ್ಕಳ ಮೀಟಿನಲ್ಲಿ ಪಕ್ಕದ ಮನೆ ಹುಡುಗ ಮೊದಲು ಬಂದರೂ ಅನರ್ಹ ಅಂದರಂತೆ. ಯಾವುದಕ್ಕೆಲ್ಲ ಹೀಗಾಗುತ್ತದೆ?

ಈಜು ಕೋಚ್: ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈಯಲ್ಲಿ ಗೋಡೆಯನ್ನು ಎರಡೂ ಕೈಯಿಂದ ಒಟ್ಟಿಗೆ ಮುಟ್ಟದಿದ್ದರೆ. ಬ್ಯಾಕ್‌ಸ್ಟ್ರೋಕಿನಲ್ಲಿ ಅಂಗಾತ ಇರದೆ ತಿರುಗಿ ಮುಗಿಸಿದರೆ. ಸಂಕೇತಕ್ಕೆ ಮೊದಲೇ ಹಾರಿದರೆ. ಮಕ್ಕಳ ಮಟ್ಟದಲ್ಲಿ ಹೆಚ್ಚಾಗಿ ಇವು ಮೂರೇ. ಉದ್ದ ಶಿಳ್ಳೆಗೆ ಬ್ಲಾಕ್ ಹತ್ತಬೇಕು, ‘ಟೇಕ್ ಯುವರ್ ಮಾರ್ಕ್ಸ್’ ಅಂದಾಗ ಬಗ್ಗಿ ಅಲುಗಾಡದೆ ನಿಲ್ಲಬೇಕು. ಇದನ್ನು ಮನೆಯ ಹಾಲಿನಲ್ಲೇ ಆಟದಂತೆ ಆಡಿಸಬಹುದು.

ಬ್ಯಾಕ್‌ಸ್ಟ್ರೋಕಿನಲ್ಲಿ ತಿರುಗಿ ನೋಡುವುದು ತಲೆ ಗೋಡೆಗೆ ಬಡಿದೀತು ಅನ್ನುವ ಹೆದರಿಕೆಗೆ. ಮೇಲೆ ಅಡ್ಡ ಕಟ್ಟಿದ ಬಣ್ಣದ ಧ್ವಜಗಳಿಂದ ಗೋಡೆಗೆ 5 ಮೀಟರ್. ಧ್ವಜ ಕಂಡಮೇಲೆ ಎಷ್ಟು ಕೈ ಹಾಕಿದರೆ ಗೋಡೆ ಸಿಗುತ್ತದೆ ಅಂತ ಎಣಿಸಿಟ್ಟುಕೊಳ್ಳಲಿ. ಮೊದಲು ನಿಧಾನಕ್ಕೆ, ಗೋಡೆ ಹತ್ತಿರ ನೀವು ಕೈ ಅಡ್ಡ ಹಿಡಿದು. ಸಣ್ಣ ಮಕ್ಕಳಿಗೆ ಆರೇಳು ಬರಬಹುದು, ಎತ್ತರ ಬೆಳೆದಂತೆ ಕಡಿಮೆಯಾಗುತ್ತದೆ, ಅದಕ್ಕೆ ಮೂರು ತಿಂಗಳಿಗೊಮ್ಮೆ ಮತ್ತೆ ಎಣಿಸಬೇಕು. ಧ್ವಜವೇ ಕಟ್ಟದ ಕೊಳವಾದರೆ ಮೊದಲು ಕಟ್ಟಿಸಿ, ಅಲ್ಲಿಯವರೆಗೆ ಅಂಗಾತ ಜೋರಾಗಿ ಈಜಿಸಬೇಡಿ.