ನಡಿಗೆಯಲ್ಲಿ ಸಿಕ್ಕ ರಟ್ಟಿನ ಚೀಟಿ: ಇದು ಏನಿರಬಹುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇಂದು ಮಳೆ ನಿಂತ ಮೇಲೆ ನಡೆಯಲು ಹೋಗಿದ್ದಾಗ, ಹಳೆಯ ಕಲ್ಲುಗೋಡೆಯೊಂದರ ಸಂದಿನಲ್ಲಿ ಸಿಕ್ಕಿಕೊಂಡಿದ್ದ ಪುಟ್ಟ ರಟ್ಟಿನ ಚೀಟಿಯೊಂದು ಕಣ್ಣಿಗೆ ಬಿತ್ತು. ಅಳೆದು ನೋಡಿದರೆ ಉದ್ದ 57 ಮಿ.ಮೀ., ಅಗಲ 30 ಮಿ.ಮೀ. ಇದೆ. ಅಕ್ಷರಗಳೆಲ್ಲ ಮಾಸಿದ್ದರೂ ಎರಡೂ ತುದಿಗಳಲ್ಲಿ 4172 ಎಂಬ ಅಂಕಿ ಉಳಿದಿದೆ. ಒಂದು ಅಂಚಿನಲ್ಲಿ ಸಣ್ಣ ಕಚ್ಚು ಇದೆ. ಇದು ಏನು, ಒದ್ದೆಯಾಗಿರುವ ಇದನ್ನು ಹಾಳಾಗದಂತೆ ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1

ಅಳತೆಯನ್ನು ನೋಡಿದರೆ ಇದು ಎಡ್ಮಂಡ್‌ಸನ್ ಮಾದರಿಯ ರೈಲು ಟಿಕೆಟ್ ಎಂದೇ ಹೇಳುತ್ತೇನೆ. ಇಂಗ್ಲೆಂಡಿನ ಸ್ಟೇಷನ್ ಮಾಸ್ಟರ್ ಥಾಮಸ್ ಎಡ್ಮಂಡ್‌ಸನ್ ಅವರು 1830ರ ದಶಕದಲ್ಲಿ ರೂಪಿಸಿದ ಈ ಟಿಕೆಟ್ ಮುಂದೆ ಅನೇಕ ದೇಶಗಳ ರೈಲುಗಳಲ್ಲಿ ಬಳಕೆಗೆ ಬಂತು. ಅದಕ್ಕೆ ಮೊದಲು ಗುಮಾಸ್ತರು ಒಬ್ಬೊಬ್ಬ ಪ್ರಯಾಣಿಕರಿಗೂ ಕೈಯಲ್ಲೇ ಚೀಟಿ ಬರೆದುಕೊಡಬೇಕಾಗಿತ್ತು. ಸಮಯ ಹಿಡಿಯುತ್ತಿತ್ತು, ಲೆಕ್ಕಕ್ಕೂ ಭದ್ರತೆಯಿರಲಿಲ್ಲ. ನಿಮ್ಮ 4172ರ ಮಹತ್ವ ಇರುವುದು ಇಲ್ಲಿಯೇ. ಟಿಕೆಟುಗಳು ಕ್ರಮಸಂಖ್ಯೆಯೊಂದಿಗೇ ಅಚ್ಚಾಗಿ ಬರುತ್ತಿದ್ದುದರಿಂದ, ಸಂಜೆ ಟಿಕೆಟುಗಳನ್ನು ಜೋಡಿಸಿಡುವ ಗೂಡಿನಲ್ಲಿ ಮುಂದಿದ್ದ ಟಿಕೆಟಿನ ಸಂಖ್ಯೆಯಿಂದ ಬೆಳಗಿನ ಸಂಖ್ಯೆಯನ್ನು ಕಳೆದರೆ ಆ ದಿನ ಎಷ್ಟು ಮಾರಾಟವಾಯಿತೆಂಬುದು ತಿಳಿಯುತ್ತಿತ್ತು. ಅಂಚಿನ ಕಚ್ಚು ತಪಾಸಣೆ ಮಾಡಿದವರ ಇಕ್ಕಳದ ಗುರುತು. ಮಾರುವಾಗ ಪುಟ್ಟ ಯಂತ್ರವೊಂದರಲ್ಲಿ ತೂರಿಸಿ ದಿನಾಂಕವನ್ನು ಒತ್ತುತ್ತಿದ್ದರು. ಶಾಯಿ ಅಳಿಸಿಹೋಗಿದ್ದರೂ ಒತ್ತಿದ ತಗ್ಗು ಉಳಿದಿರಬಹುದು, ಓರೆಯಾಗಿ ಬೆಳಕು ಬಿಟ್ಟು ನೋಡಿ.

ಉತ್ತರ 2

ನೋಡುವ ಮೊದಲು ಒಣಗಿಸಿ. ಈ ವಿಷಯದಲ್ಲಿ ಆತುರ ಬೇಡವೆಂದು ಕೇಳಿಕೊಳ್ಳುತ್ತೇನೆ. ನೆನೆದ ರಟ್ಟಿನ ಪದರಗಳು ಬಿಟ್ಟುಕೊಳ್ಳುವುದರಿಂದ ಮಣ್ಣನ್ನು ಉಜ್ಜಬಾರದು, ಬಿಸಿಲಿಗೂ ಇಡಬಾರದು, ಇಸ್ತ್ರಿಯಂತೂ ಕೂಡದು. ಎರಡು ಬ್ಲಾಟಿಂಗ್ ಪೇಪರುಗಳ ನಡುವೆ ಇಟ್ಟು, ಮೇಲೆ ಹಗುರವಾದ ಪುಸ್ತಕವೊಂದನ್ನು ಹೇರಿ, ಪೇಪರು ತೇವ ಹೀರಿದಂತೆಲ್ಲ ಬದಲಿಸುತ್ತಾ ಹೋಗಿ. ಪೂರ್ತಿ ಒಣಗಿದ ಮೇಲೆ ಮಣ್ಣನ್ನು ಮೆತ್ತನೆಯ ಕುಂಚದಿಂದ ಕೊಡವಿ, ಆಮ್ಲರಹಿತ ಕಾಗದದ ಲಕೋಟೆಯಲ್ಲಿಡಿ. ಲ್ಯಾಮಿನೇಷನ್ ಮಾಡಿಸಿದರೆ ಮತ್ತೆ ಬಿಡಿಸಲಾಗದು. ಅಂಟುಪಟ್ಟಿಯ ಗೋಂದು ಕಾಲಕ್ರಮದಲ್ಲಿ ಕಂದು ಕಲೆಯಾಗಿ ಉಳಿಯುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೂರು ದಿನ ಒಣಗಿಸಿ, ಇಂದು ಟಾರ್ಚನ್ನು ಮೇಜಿನ ಮಟ್ಟಕ್ಕೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಬಲತುದಿಯಲ್ಲಿ 14 ಎಂಬ ಅಂಕಿ, ಅದರ ಪಕ್ಕದಲ್ಲಿ 8 ನೆರಳಿನಂತೆ ಎದ್ದು ಕಂಡವು. ವರ್ಷ ಇರಬೇಕಾದ ಜಾಗದಲ್ಲೇ ಇಕ್ಕಳದ ಕಚ್ಚು ಬಿದ್ದಿದೆ.